ಎರಡನೇ ಪ್ಯಾಕಿಂಗ್

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಮಹದೇವು ಎಂಬ ಮೆಕ್ಯಾನಿಕ್ಕಿನ ಷೆಡ್ಡಿದೆ. ಅದಕ್ಕೆ ಬೋರ್ಡಿಲ್ಲ. ಬೋರ್ಡು ನೋಡಿಕೊಂಡು ಬರುವ ಗಿರಾಕಿ ನನಗೆ ಬೇಡ, ಕೆಲಸ ಕೇಳಿಕೊಂಡು ಬರುವವರು ಸಾಕು ಎಂದು ಅವನು ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದಾನೆ. ಮೊಪೆಡ್ಡು, ಔಷಧಿ ಹೊಡೆಯುವ ಪಂಪು, ಸೈಕಲ್ಲಿನ ಚೌಕಟ್ಟಿಗೆ ಬಿಗಿದ ಅಂಗೈಯಗಲದ ಎಂಜಿನ್ನು, ಸಣ್ಣ ಎಂಜಿನ್ ಯಾವುದೇ ಇರಲಿ, ಬೀದಿ ತಿರುವಿನಲ್ಲಿ ಅದರ ಸದ್ದು ಕೇಳಿಯೇ ರೋಗ ಹೇಳುತ್ತಾನೆ ಎಂಬ ಹೆಸರು ಹನೂರಿನಿಂದ ಯಳಂದೂರಿನ ತನಕ ಇದೆ. ಹೆಸರಿನ ಜೊತೆಗೆ ಅದಕ್ಕೆ ತಕ್ಕಷ್ಟು ಜಂಬವೂ ಇದೆ. ಗಿರಾಕಿ ಬಂದು ಅಲ್ಲಿ ಟಕಟಕ ಅಂತದೆ, ಇಲ್ಲಿ ಎಳೀತದೆ ಎಂದು ಶುರುಮಾಡಿದರೆ ಮಹದೇವು ಕೈ ಎತ್ತಿ ತಡೆಯುತ್ತಾನೆ. “ನೀವ್ ಸುಮ್ನಿರಿ, ಗಾಡಿ ಹೇಳ್ತದೆ” ಎನ್ನುತ್ತಾನೆ. ಈ ಮಾತು ಎಷ್ಟು ಪ್ರಸಿದ್ಧವೆಂದರೆ, ಬೆನ್ನ ಹಿಂದೆ ಅವನನ್ನೇ ‘ಗಾಡಿ ಹೇಳ್ತದೆ’ ಎಂದು ಕರೆಯುವವರಿದ್ದಾರೆ.

ಶ್ರಾವಣ ಮುಗಿಯುತ್ತಿದ್ದ ಒಂದು ಸೋಮವಾರ, ಹತ್ತು ಗಂಟೆಯ ಹೊತ್ತಿಗೆ, ತಿರುವಿನಲ್ಲಿ ಒಂದು ಸದ್ದು ಕೇಳಿತು. ಅದು ಪಟಪಟ ಸದ್ದಲ್ಲ, ದಮ್ಮಿನವರು ಮೆಟ್ಟಿಲು ಹತ್ತುವಾಗಿನ ಪುಸುಪುಸು. ಮಹದೇವು ತಲೆ ಎತ್ತಲಿಲ್ಲ, ಆದರೆ ಕೈ ನಿಂತಿತು. ಅದು ಅವನ ಅಪ್ಪ ಕಟ್ಟಿದ ಎಂಜಿನ್ ಸೈಕಲ್ಲು.

ಅಪ್ಪ ಚಿಕ್ಕಮಾದಯ್ಯ ಮಾಂಬಳ್ಳಿಯವನು. ಕೂಲಿಗೆ ಹೋಗುತ್ತಿದ್ದವನ ಕೈ ಹೇಗೋ ಪಂಪ್‌ಸೆಟ್ಟಿಗೆ ಅಂಟಿ, ಅಲ್ಲಿಂದ ಎಂಜಿನ್ನಿಗೆ ದಾಟಿ, ಕೊನೆಗೆ ಕೊಳ್ಳೇಗಾಲದಲ್ಲಿ ಈ ಬಾಡಿಗೆ ಷೆಡ್ಡಿನ ತನಕ ಬಂದಿತ್ತು. ಗುಜರಿಯಲ್ಲಿ ಸಿಕ್ಕ ಪುಟ್ಟ ಎಂಜಿನ್ನೊಂದನ್ನು ಬಿಚ್ಚಿ ತೊಳೆದು, ಹಳೇ ಸೈಕಲ್ಲಿಗೆ ಬಿಗಿದು, ಹತ್ತು ವರ್ಷ ಅದರ ಮೇಲೇ ಓಡಾಡಿದ್ದ. ಮಹದೇವು ಕೆಲಸ ಕಲಿತದ್ದೂ ಅದರ ಮೇಲೆಯೇ. ಅಪ್ಪ ಸಾಯುವ ಮುಂಚೆ ತನ್ನದೆಂದು ಇದ್ದ ಎರಡೇ ವಸ್ತುಗಳನ್ನು ಹಂಚಿದ. ಸ್ಪ್ಯಾನರಿನ ಪೆಟ್ಟಿಗೆ ಮಗನಿಗೆ, ಎಂಜಿನ್ ಸೈಕಲ್ಲು ಮಗಳಿಗೆ. ಎಂಜಿನ್ನಿನ ಗಂಧಗಾಳಿ ಇಲ್ಲದವಳಿಗೆ ಅದನ್ನು ಕೊಟ್ಟನಲ್ಲ ಎಂದು ಮಹದೇವು ಒಳಗೇ ಕುದ್ದ. ಅದಾಗಿ ಆರು ವರ್ಷ. ಲೊಕ್ಕನಹಳ್ಳಿ ಆಚೆಗೆ ಕೊಟ್ಟಿದ್ದ ತಂಗಿ ಕೋಮಲಳ ಮನೆಗೆ ಹಬ್ಬಕ್ಕೆ ಹೋಗುತ್ತಿದ್ದ, ಉಂಡು ಬರುತ್ತಿದ್ದ, ಜಗಲಿ ಪಕ್ಕ ನಿಂತಿರುತ್ತಿದ್ದ ಆ ಸೈಕಲ್ಲನ್ನು ಮಾತ್ರ ನೋಡದವನ ಹಾಗೆ ದಾಟುತ್ತಿದ್ದ.

ಈಗ ಅದೇ ಸೈಕಲ್ಲಿನಿಂದ ಕೋಮಲ ಇಳಿದಳು. ಸೆರಗು ಸೊಂಟಕ್ಕೆ ಬಿಗಿದಿತ್ತು. ಮುಖದ ತುಂಬ ರಸ್ತೆಯ ಧೂಳು. ಕ್ಯಾರಿಯರಿನ ಎರಡು ಬದಿಗೂ ಹಾಲಿನ ಕ್ಯಾನು ನೇತುಹಾಕುವ ಕೊಕ್ಕೆಗಳಿದ್ದವು.

“ಅಣ್ಣ, ಇದು ದಿಣ್ಣೆ ಅತ್ತಾಕಿಲ್ಲ ಕಣಣ್ಣ,” ಎಂದಳು. “ಎಲ್ಡು ಕ್ಯಾನು ಏರ್ಕಂಡ್ರೆ ಅರ್ಧಕ್ಕೇ ನಿಂತೋಯ್ತದೆ. ನಾನು ಇಳ್ದು ತಳ್ಕಂಡು ಬರೋಷ್ಟ್ರಲ್ಲಿ ಡೈರಿ ವ್ಯಾನು ಓಗೋ ಒತ್ತು ಆಗೋಗಿರ್ತದೆ.”

ವಿಷಯ ಇಷ್ಟು. ಕೋಮಲಳ ಊರಿನ ಕೆಳಗೆ ಹಳ್ಳದ ಪಕ್ಕದಲ್ಲಿ ಒಂಬತ್ತು ಮನೆಗಳ ಒಂದು ದೊಡ್ಡಿಯಿದೆ. ಅಲ್ಲಿ ಬೆಳೆ ಇಟ್ಟರೆ ಹಂದಿಯದೋ ಆನೆಯದೋ ಪಾಲಾಗುತ್ತದೆ. ಹಾಗಾಗಿ ಆ ಮನೆಗಳು ನಿಂತಿರುವುದೇ ಹಸುಗಳ ಮೇಲೆ. ಆ ಹಾಲನ್ನು ತುಂಬಿಕೊಂಡು, ದಿಣ್ಣೆ ಹತ್ತಿಸಿ, ರಸ್ತೆ ಬದಿಯ ಡೈರಿಗೆ ಎಂಟು ಗಂಟೆಯೊಳಗೆ ಮುಟ್ಟಿಸುವುದು ಕೋಮಲಳ ಕೆಲಸ. ಬೇಗ ಹೊರಡೋಣವೆಂದರೆ, ಆನೆಗಳು ಕಾಡಿಗೆ ತಿರುಗುವ ತನಕ ಹಳ್ಳಕ್ಕೆ ಇಳಿಯುವಂತಿಲ್ಲ. ಮೊದಲು ನಾಲ್ಕು ಮನೆಯ ಹಾಲಿತ್ತು, ಒಂದು ಕ್ಯಾನು ಸಾಕಿತ್ತು. ಈಗ ಒಂಬತ್ತೂ ಮನೆಯವರು ಕೊಡತೊಡಗಿ ಕ್ಯಾನು ಎರಡಾಗಿದೆ. ಆ ತಿಂಗಳಲ್ಲಿ ಎರಡು ಸಲ ವ್ಯಾನು ಅವಳಿಗಾಗಿ ಕಾದು, ಮುಂದಿನ ಊರುಗಳ ಹಾಲು ಒಡೆದು, ಗಲಾಟೆಯಾಗಿತ್ತು. ಡೈರಿಯ ಕಾರ್ಯದರ್ಶಿ ಪುಟ್ಟಮಲ್ಲಪ್ಪನವರು ಖಡಾಖಂಡಿತವಾಗಿ ಹೇಳಿದ್ದರು: ಇನ್ನೊಂದು ಸಲ ತಪ್ಪಿದರೆ ದೊಡ್ಡಿಯ ಹಾಲು ಡೈರಿಗೆ ಬೇಡ.

“ನನ್ ಕೆಲ್ಸ ಓದ್ರೆ ಓಗ್ಲಿ. ಆ ಒಂಬತ್ತು ಮನೆಯೋರು ಎಲ್ಲಿಗೆ ಓಗ್ಬೇಕು?” ಎಂದಳು ಕೋಮಲ. ಆಮೇಲೆ ಹಿಂದಿನ ಗಾಲಿಯ ಹಲ್ಲಿನ ಚಕ್ರವನ್ನು ಮುಟ್ಟಿ, “ಈ ಸ್ಪ್ರಾಕೆಟ್ಟು ಇನ್ನೊಂಚೂರು ದೊಡ್ದು ಹಾಕ್ಕೊಟ್ರೆ...” ಎಂದು ಶುರುಮಾಡಿದಳು.

ಮಹದೇವುವಿನ ಕೈ ತಾನಾಗಿಯೇ ಮೇಲೆದ್ದಿತು. “ನೀನ್ ಸುಮ್ನಿರು ಕಣಮ್ಮಿ. ಗಾಡಿ ಹೇಳ್ತದೆ.”

ಒಳಗೊಳಗೆ ಅವನಿಗೆ ಹಬ್ಬ. ಆರು ವರ್ಷದಿಂದ ಮುಟ್ಟದೆ ಬಿಟ್ಟಿದ್ದ ಎಂಜಿನ್ನು ತಾನಾಗಿಯೇ ಕಾಲ ಬಳಿ ಬಂದಿತ್ತು. ಪ್ಲಗ್ಗು ಬಿಚ್ಚಿ, ತೂತಿನ ಮೇಲೆ ಹೆಬ್ಬೆರಳಿಟ್ಟು, ಕೋಮಲಳಿಗೆ ಪೆಡಲ್ ತುಳಿಯಲು ಹೇಳಿದ. ಒಳಗಿನ ಗಾಳಿ ಬೆರಳನ್ನು ಮೆಲ್ಲಗೆ ನೂಕಿತು, ಅಷ್ಟೆ. ಗಟ್ಟಿ ಎಂಜಿನ್ನಾದರೆ ಬೆರಳನ್ನು ಕಿತ್ತು ಎಸೆಯಬೇಕು.

“ಕಂಪ್ರೆಷನ್ನೇ ಇಲ್ಲ. ಒಳಗೆ ಗಾಳಿ ಪೆಟ್ರೋಲು ಬಿಗಿಯಾಗಿ ಅದುಮ್ಕಂಡ್ರೆ ತಾನೆ ಒಡ್ತ ಬೀಳೋದು? ಇದು ಎಲೆ ಅಡಿಕೆ ಅಗ್ದಂಗೆ ಅಗೀತಾ ಅದೆ.”

ಸಿಲಿಂಡರಿನ ಮೇಲಿನ ಮುಚ್ಚಳವಾದ ಹೆಡ್ಡಿನ ನಾಲ್ಕು ನಟ್ಟುಗಳನ್ನು ಬಿಚ್ಚಿ ಎತ್ತಿದವನು ಗೊಳ್ಳನೆ ನಕ್ಕುಬಿಟ್ಟ. ಹೆಡ್ಡಿಗೂ ಸಿಲಿಂಡರಿಗೂ ನಡುವೆ ಒಂದು ಪ್ಯಾಕಿಂಗ್ ಇರಬೇಕು, ಬಳೆಯಾಕಾರದ ತೆಳ್ಳನೆಯ ಲೋಹದ ಹಾಳೆ. ಇಲ್ಲಿ ಒಂದರ ಮೇಲೊಂದು ಎರಡಿದ್ದವು. ಮೇಲಿನದು ಅಂಗಡಿಯದಲ್ಲ. ಯಾವುದೋ ಅಲ್ಯೂಮಿನಿಯಂ ತಟ್ಟೆಯನ್ನು ಕತ್ತರಿಯಲ್ಲಿ ಕತ್ತರಿಸಿ, ಅಂಚು ಉಜ್ಜಿ, ಮೊಳೆಯಲ್ಲಿ ತೂತು ಹೊಡೆದು ಮಾಡಿದ್ದು. ಪ್ಯಾಕಿಂಗ್ ದಪ್ಪವಾದಷ್ಟೂ ಹೆಡ್ಡು ಮೇಲಕ್ಕೇಳುತ್ತದೆ, ಒಳಗಿನ ಜಾಗ ಹೆಚ್ಚುತ್ತದೆ, ಬಿಗಿ ಸಡಿಲವಾಗುತ್ತದೆ. ಎಂಜಿನ್ನನ್ನು ಬೇಕೆಂದೇ ಸಾಯಿಸಿದ ಹಾಗೆ.

“ಬನ್ರಪ್ಪ, ನೋಡ್ಬನ್ನಿ,” ಎಂದು ಪಕ್ಕದ ಟೈರ್ ಅಂಗಡಿಯವನನ್ನೂ, ಟೀ ಕುಡಿಯುತ್ತಿದ್ದ ಇಬ್ಬರನ್ನೂ ಕರೆದ. “ಲೊಕ್ಕನಹಳ್ಳಿ ಕಡೆ ಯಾವನೋ ದನ ಕಾಯೋನು ಮೆಕ್ಯಾನಿಕ್ ಆಗವ್ನೆ. ಉಣ್ಣೋ ತಟ್ಟೆ ಕತ್ರಿಸಿ ಎಂಜಿನ್ನಿಗೆ ಹಾಕವ್ನೆ.”

ಅವರೆಲ್ಲ ಕೈಯಿಂದ ಕೈಗೆ ದಾಟಿಸಿ ನೋಡಿ ನಕ್ಕರು. “ಅಣ್ಣ, ಅದು...” ಎಂದಳು ಕೋಮಲ. ಮಹದೇವು ಕೇಳಿಸಿಕೊಳ್ಳಲಿಲ್ಲ. ಬರುವ ಹೋಗುವ ಗಿರಾಕಿಗಳೂ ನೋಡಲಿ ಎಂದು ಗೋಡೆಗೆ ಒಂದು ಮೊಳೆ ಹೊಡೆದು ಆ ತಗಡಿನ ತುಂಡನ್ನು ನೇತುಹಾಕಿದ. ಕೋಮಲ ಬಸ್ ಸ್ಟ್ಯಾಂಡಿನ ಕಡೆ ಮುಖ ತಿರುಗಿಸಿ ನಿಂತಳು.

ಮಧ್ಯಾಹ್ನದ ತನಕ ಕೆಲಸ ನಡೆಯಿತು. ದಪ್ಪ ಗಾಜಿನ ಹಲಗೆಯ ಮೇಲೆ ಎಮರಿ ಕಾಗದ ಹಾಸಿ, ಹೆಡ್ಡನ್ನು ಬೋರಲು ಹಾಕಿ, ಎಣ್ಣೆ ಬಿಟ್ಟು, ಇಂಗ್ಲಿಷಿನ ಎಂಟರ ಆಕಾರದಲ್ಲಿ ಉಜ್ಜಿದ. ಐವತ್ತು ಸುತ್ತಿಗೊಮ್ಮೆ ತಿರುಗಿಸುವುದು, ಒರೆಸುವುದು, ಬೆಳಕಿಗೆ ಹಿಡಿಯುವುದು. ಅರ್ಧ ಮಿಲಿಮೀಟರು ಸವೆಯುವಷ್ಟರಲ್ಲಿ ಹೆಡ್ಡಿನ ಮುಖ ಕನ್ನಡಿಯಾಯಿತು. ತೆಳ್ಳನೆಯ ಒಂದೇ ಪ್ಯಾಕಿಂಗ್ ಕೂರಿಸಿದ. ಪ್ಲಗ್ಗಿನ ತೂತಿನಿಂದ ಬೆಸುಗೆಯ ಸೀಸದ ತುಂಡನ್ನು ಒಳಗಿಟ್ಟು, ಪಿಸ್ಟನ್ನನ್ನು ಒಮ್ಮೆ ಮೇಲೆ ತಂದು, ಎಷ್ಟು ಚಪ್ಪಟೆಯಾಯಿತೆಂದು ಅಳೆದ. ಲೆಕ್ಕ ಸರಿಯಿತ್ತು. ಹತ್ತರ ಸ್ಪ್ಯಾನರಿಗೆ ಕೈ ಚಾಚಿದರೆ ಹತ್ತು, ಹದಿಮೂರಕ್ಕೆ ಚಾಚಿದರೆ ಹದಿಮೂರು ಕೇಳುವ ಮೊದಲೇ ಕೈಗೆ ಬರುತ್ತಿತ್ತು. ಕೊಡುತ್ತಿದ್ದವಳು ಕೋಮಲ. ಮಹದೇವು ಅದನ್ನೂ ಗಮನಿಸಲಿಲ್ಲ. ಅವನ ಮನಸ್ಸು ಅಪ್ಪನ ಜೊತೆ ಜಗಳದಲ್ಲಿತ್ತು. ನೋಡು, ನೀನು ಇದನ್ನು ಯಾರಿಗೆ ಕೊಡಬೇಕಾಗಿತ್ತು ಅಂತ.

ಬಂಕಿನಲ್ಲಿ ಟ್ಯಾಂಕು ತುಂಬಿಸಿ, ತಂಗಿಯನ್ನು ಹಿಂದೆ ಕೂರಿಸಿಕೊಂಡು ಮರಡಿಗುಡ್ಡದ ಏರಿನಲ್ಲಿ ಓಡಿಸಿದ. ಎಂಜಿನ್ನು ಉಸಿರೆತ್ತದೆ ಹತ್ತಿತು. ಸದ್ದೇ ಬೇರೆಯಾಗಿತ್ತು, ಒಣಗಿದ ತೊಗರಿ ಕಾಯಿ ಸಿಡಿದ ಹಾಗೆ ಟಪಟಪ.

“ಅಣ್ಣ, ಪೆಟ್ರೋಲು ನಾವು ರಾಜಣ್ಣನ ಅಂಗ್ಡೀಲಿ...” ಎಂದಳು ಕೋಮಲ, ಇಳಿದ ಮೇಲೆ.

“ಪೆಟ್ರೋಲಿನ ಚಿಂತೆ ಬುಡು,” ಎಂದು ಮಹದೇವು ಬಂಕಿನಿಂದ ತಂದ ಎರಡು ಲೀಟರ್ ಪೆಟ್ರೋಲಿನ ಕ್ಯಾನನ್ನೂ ಕ್ಯಾರಿಯರಿಗೆ ಕಟ್ಟಿದ. ಖರ್ಚಿನ ಮಾತೆತ್ತುತ್ತಿದ್ದಾಳೆ ಎಂದುಕೊಂಡಿದ್ದ. “ಈ ಸಲ ಗೌರಿ ಹಬ್ಬದ ಬಾಗಿನ ಇದೇ ಅಂದ್ಕೋ.”

ಕೋಮಲ ಅವನ ಮುಖವನ್ನು ಒಂದು ಗಳಿಗೆ ನೋಡಿ, ಆಯ್ತಣ್ಣ ಎಂದು ಹೊರಟಳು.

ಹತ್ತು ದಿನ ಎಲ್ಲ ಚೆನ್ನಾಗಿತ್ತು. ಮೂರನೇ ದಿನ ಫೋನು ಮಾಡಿ ಏಳೂ ಮುಕ್ಕಾಲಿಗೇ ಡೈರಿ ಮುಟ್ಟಿದೆ ಎಂದಳು. ಮಹದೇವು ಆ ಸುದ್ದಿಯನ್ನು ಟೈರ್ ಅಂಗಡಿಯವನಿಗೂ ಟೀ ಅಂಗಡಿಯವನಿಗೂ, ಕೇಳದಿದ್ದವರಿಗೂ ಹೇಳಿದ. ಹೇಳುವಾಗಲೆಲ್ಲ ಗೋಡೆಯ ಮೇಲಿನ ತಗಡಿನ ತುಂಡನ್ನು ತೋರಿಸಿದ.

ಹನ್ನೊಂದನೇ ದಿನ, ಗುರುವಾರ, ಎಂಟಕ್ಕೆ ಹತ್ತು ನಿಮಿಷವಿರುವಾಗ ಫೋನು ಬಂತು.

“ಅಣ್ಣ, ನಿಂತೋಯ್ತು,” ಎಂದಳು ಕೋಮಲ. ಅಳುತ್ತಿರಲಿಲ್ಲ. ಏದುಸಿರು ಬಿಡುತ್ತಿದ್ದಳು. “ದಿಣ್ಣೆ ಮಧ್ಯದಲ್ಲಿ ಟಣಟಣ ಅಂತು, ಆಮೇಲೆ ಸತ್ತೋಯ್ತು. ಒಂದು ಕ್ಯಾನು ತಲೆ ಮ್ಯಾಲೆ ಒತ್ಕಂಡು ಓಡ್ತಾ ಇವ್ನಿ. ಇನ್ನೊಂದು ಅಲ್ಲೇ ಬುಟ್ಟಿವ್ನಿ.”

ವ್ಯಾನು ಸಿಗಲಿಲ್ಲ. ಅದು ಮೂರನೇ ಸಲ.

ಮಹದೇವು ಪಿಸ್ಟನ್ನು, ರಿಂಗು, ಪ್ಯಾಕಿಂಗ್ ಎಲ್ಲ ತುಂಬಿದ ಪೆಟ್ಟಿಗೆಯನ್ನು ಬೈಕಿಗೆ ಕಟ್ಟಿಕೊಂಡು ಹೊರಟ. ದಾರಿಯುದ್ದಕ್ಕೂ ಬೇರೆಯವರ ತಪ್ಪು ಹುಡುಕುತ್ತ ಹೋದ. ಆಯಿಲ್ ಬೆರೆಸದೆ ಓಡಿಸಿರಬೇಕು. ತುಂಬ ಜಗ್ಗಿಸಿರಬೇಕು. ಹೆಂಗಸರ ಕೈಗೆ ಎಂಜಿನ್ನು ಕೊಟ್ಟರೆ ಇನ್ನೇನು.

ಸೈಕಲ್ಲು ದಿಣ್ಣೆಯ ಅರ್ಧದಲ್ಲಿ ಬಂಡೆಗೆ ಒರಗಿತ್ತು. ಅಲ್ಲಿಯೇ ಕೂತು ಹೆಡ್ಡು ಬಿಚ್ಚಿದ. ಪಿಸ್ಟನ್ನಿನ ನೆತ್ತಿಯಲ್ಲಿ ಹುಣಸೆ ಬೀಜ ಹೋಗುವಷ್ಟು ತೂತು ಬಿದ್ದು, ಅಂಚೆಲ್ಲ ಇಲಿ ತಿಂದಂತಾಗಿತ್ತು. ಇದು ಆಯಿಲ್ಲಿನ ತಪ್ಪಲ್ಲ ಎಂದು ಅವನಿಗೆ ತಕ್ಷಣ ಗೊತ್ತಾಯಿತು. ಬಿಗಿ ಹೆಚ್ಚಿದ ಎಂಜಿನ್ನಿಗೆ ಕೆಟ್ಟ ಪೆಟ್ರೋಲು ಹಾಕಿದರೆ ಹೊತ್ತಲ್ಲದ ಹೊತ್ತಿನಲ್ಲಿ ಉರಿದು, ಒಳಗೇ ಸುತ್ತಿಗೆ ಏಟು ಬಿದ್ದು ಹೀಗಾಗುತ್ತದೆ. ಟ್ಯಾಂಕಿನ ಮುಚ್ಚಳ ತೆಗೆದು ಬೆರಳು ಅದ್ದಿ ಉಜ್ಜಿಕೊಂಡ. ಪೆಟ್ರೋಲಾದರೆ ಬೆರಳಿನಿಂದ ಆರಿ ಹೋಗಬೇಕು. ಇದು ಜಿಡ್ಡು ಬಿಟ್ಟಿತು. ಮೂಸಿದರೆ ಡೀಸೆಲ್ಲಿನ ವಾಸನೆ. ಅವನು ಕೊಟ್ಟಿದ್ದ ಬಂಕಿನ ಪೆಟ್ರೋಲು ಮುಗಿದು, ಇದು ಅವಳು ಹೇಳಹೊರಟಿದ್ದ ರಾಜಣ್ಣನ ಅಂಗಡಿಯದು.

ರಾಜಣ್ಣನ ಪೆಟ್ಟಿಗೆ ಅಂಗಡಿ ದಿಣ್ಣೆಯ ತಲೆಯ ಮೇಲೆ. ಬೀಡಿ, ಬಿಸ್ಕತ್ತು, ಮಕ್ಕಳ ಪೆನ್ನು, ಮೂಲೆಯಲ್ಲಿ ಎರಡು ನೀಲಿ ಡ್ರಮ್ಮು. ಬಂಕಿಗೆ ಹೋಗಿ ಬರಲು ಅರ್ಧ ದಿನ ಹಿಡಿಯುವ ಆ ಕಡೆ ಎಲ್ಲರಿಗೂ ಅದೇ ಬಂಕು. ಟಿಲ್ಲರಿನವರಿಗೆ ಡೀಸೆಲ್ಲು, ಮೊಪೆಡ್ಡಿನವರಿಗೆ ಪೆಟ್ರೋಲು. ಎರಡಕ್ಕೂ ಒಂದೇ ಅಳತೆಯ ಡಬ್ಬ, ಒಂದೇ ಲಾಳಿಕೆ. ಡಬ್ಬದ ತಳದಲ್ಲಿ ಉಳಿದದ್ದು ಮುಂದಿನವರ ಬಾಟಲಿಗೆ.

“ಎಂಟು ವರ್ಸದಿಂದ ಇದೇ ಲಾಳಿಕೆ ಕಣಣ್ಣ,” ಎಂದ ರಾಜಣ್ಣ, ಬೇಜಾರು ಮಾಡಿಕೊಳ್ಳದೆ. “ಯಾರ್ ಗಾಡಿನೂ ಕೆಟ್ಟಿಲ್ಲ.”

“ನನ್ ತಂಗಿದು ಕೆಡ್ತಲ್ಲಪ್ಪ.”

“ಅದು ಈಗ. ಐದು ವರ್ಸದ ಇಂದೆ ಒಂದ್ಸಲ ಇಂಗೇ ಟಣಟಣ ಅಂತಿತ್ತು. ಆವಾಗ ನಿಮ್ ತಂಗ್ಯವ್ವನೇ ಇಲ್ಲಿ, ಈ ಕಲ್ಲಿನ ಮ್ಯಾಲೆ ಕುಂತ್ಕಂಡು ಬಿಚ್ತು. ನಮ್ಮನೆ ತಟ್ಟೆ ಇಸ್ಕಂಡು, ಕತ್ರೀಲಿ ಕತ್ರಿಸಿ, ಎರಡನೇ ಪ್ಯಾಕಿಂಗ್ ಅಂತ ಹಾಕ್ತು. ಆವತ್ತಿಂದ ನಾನೇನ್ ಕೊಟ್ರೂ ಕುಡ್ಕಂಡು ಓಡ್ತಾ ಇತ್ತು.” ರಾಜಣ್ಣ ರಸ್ತೆಯ ಕಡೆ ಕೈ ತೋರಿಸಿದ. “ಇಲ್ಲಿ ಮೂರು ಮೊಪೆಡ್ಡಿಗೂ ನಿಮ್ ತಂಗ್ಯವ್ವನೇ ಹಾಕ್ಕೊಟ್ಟಿರೋದು. ಏನಾದ್ರೂ ಕೆಟ್ರೆ ನಾವು ಕೊಳ್ಳೇಗಾಲಕ್ಕೆ ಬರಾಕಿಲ್ಲ. ಯಾಕೆ, ನಿಮಗೆ ಗೊತ್ತಿಲ್ವ?”

ಮಹದೇವು ಆ ಕಲ್ಲನ್ನು ನೋಡಿದ. ಅದರ ಮೇಲೆ ಹಳೇ ಎಣ್ಣೆಯ ಕರಿ ಕಲೆಗಳಿದ್ದವು. ಅವನಿಗೆ ಮೊದಲು ನೆನಪಾದದ್ದು ಗೋಡೆಯ ಮೊಳೆ. ಆಮೇಲೆ ನಿನ್ನೆ ಮೊನ್ನೆಯದಲ್ಲ, ಬಹಳ ಹಿಂದಿನ ಒಂದು ಚಿತ್ರ ಬಂತು. ಮಾಂಬಳ್ಳಿಯ ಮನೆ ಮುಂದೆ ಅಪ್ಪ ಎಂಜಿನ್ನಿನ ಮೇಲೆ ಬಗ್ಗಿದ್ದಾನೆ, ಹಿಂದಕ್ಕೆ ನೋಡದೆ ಕೈ ಚಾಚುತ್ತಾನೆ, ಎಂಟು ವರ್ಷದ ಕೋಮಲ ಆ ಕೈಗೆ ಸ್ಪ್ಯಾನರ್ ಇಡುತ್ತಾಳೆ. ಅಪ್ಪ ನಂಬರು ಹೇಳುತ್ತಿರಲಿಲ್ಲ. ಅವಳು ಕೇಳುತ್ತಲೂ ಇರಲಿಲ್ಲ. ನಾನು ಆಗ ಎಲ್ಲಿದ್ದೆ? ಪಕ್ಕದಲ್ಲೇ ಇದ್ದೆ. ನೋಡುತ್ತಲೇ ಇದ್ದೆ.

ಕೋಮಲ ಮನೆಯ ಹಿತ್ತಲಲ್ಲಿ ಕ್ಯಾನು ತೊಳೆಯುತ್ತಿದ್ದಳು. ಒಡೆದ ಹಾಲನ್ನು ಹಳ್ಳಕ್ಕೆ ಚೆಲ್ಲಿ ಬಂದಿದ್ದಳು. ಉಳಿದದ್ದನ್ನು ಹೆಪ್ಪಿಗೆ ಹಾಕಿದ್ದಳು.

“ಯಾಕೆ ಹೇಳ್ನಿಲ್ಲ ಕಣಮ್ಮಿ?” ಎಂದ ಮಹದೇವು. ಕೋಪದಲ್ಲಿ ಕೇಳಬೇಕೆಂದಿದ್ದ. ದನಿ ಮೇಲೇಳಲಿಲ್ಲ.

“ಎಂಗೇಳ್ಲಿ?” ಕೋಮಲ ತೊಳೆಯುವುದನ್ನು ನಿಲ್ಲಿಸಲಿಲ್ಲ. “ನಾನು ಬಾಯ್ ಬುಟ್ಟಾಗೆಲ್ಲ ನೀನು ಕೈ ಎತ್ತಿದೆ. ಆಮೇಲೆ ನಾಕು ಜನ ಸೇರಿಸ್ಕಂಡು ನಗ್ತಿದ್ದೆ. ದನ ಕಾಯೋನು ಅಂದೆ. ಆ ದನ ಕಾಯೋನು ನಾನೇ ಅಂತ ಅವರ್ ಮುಂದೆ ಎಂಗೇಳಾದು?” ಇನ್ನೊಂದು ಕ್ಯಾನನ್ನು ಹತ್ತಿರಕ್ಕೆ ಎಳೆದುಕೊಂಡು, “ಜೊತ್ಗೆ ನಂಗೂ ಅನ್ನಿಸ್ತು, ಅಣ್ಣ ದೊಡ್ಡ ಮೆಕ್ಯಾನಿಕ್ಕು, ನಂಗೊತ್ತಿಲ್ದಿರೋದು ಏನಾರ ಅವನಿಗೆ ಗೊತ್ತಿರ್ಬೋದು ಅಂತ. ಹತ್ತು ದಿನ ದಿಣ್ಣೆ ಎಂಗೆ ಅತ್ತಿದ್ದು ಗೊತ್ತ? ನಂಗೇ ನಂಬಾಕಾಗ್ನಿಲ್ಲ,” ಎಂದಳು.

ಈ ಕೊನೆಯ ಮಾತು ಮಹದೇವುವನ್ನು ಬೈಗುಳಕ್ಕಿಂತ ಹೆಚ್ಚು ನೋಯಿಸಿತು. ಅವಳು ಅವನನ್ನು ನಂಬಿದ್ದಳು. ಅವಳಿಗೆ ಸರಿಯಾಗಿ ಗೊತ್ತಿದ್ದ ಸಂಗತಿಯನ್ನು ಪಕ್ಕಕ್ಕಿಟ್ಟು ನಂಬಿದ್ದಳು.

“ಆ ತಗಡು ಷೆಡ್ಡಿನ ಗೋಡೇಲಿ ನೇತಾಕಿದೀನಿ,” ಎಂದ. ತಾನೇ ಹೇಳಿಬಿಡುವುದು ಮೇಲೆನಿಸಿತ್ತು.

“ಗೊತ್ತು. ಮೊಳೆ ಒಡೆಯೋವಾಗ ನಾನಲ್ಲೇ ಇದ್ನಲ್ಲ.”

ಕೋಮಲ ಕ್ಯಾನುಗಳನ್ನು ಬೋರಲು ಹಾಕಿ ಬಿಸಿಲಿಗಿಟ್ಟಳು. ಮಹದೇವು ಎದ್ದು ಕಾಲಿಗೆ ಚಪ್ಪಲಿ ಮೆಟ್ಟಿದ. ಎಲ್ಲಿಗೆ ಎಂದು ಅವಳು ಕೇಳಿದಳು. ಡೈರಿಗೆ ಎಂದ.

ಪುಟ್ಟಮಲ್ಲಪ್ಪನವರು ಡೈರಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಸುತ್ತ ಐದಾರು ಜನ. ಮೂರು ಸಲ ಆಯ್ತು, ನಾನೇನು ಮಾಡಲಿ, ಬೇರೆ ಊರಿನವರಿಗೆ ನಾನೇನು ಹೇಳಲಿ ಎಂದು ಅವರು ಆಗಲೇ ಹೇಳಿ ಮುಗಿಸಿದ್ದ ಮಾತನ್ನೇ ಮತ್ತೆ ಹೇಳಿದರು. ಅದರಲ್ಲಿ ತಪ್ಪೇನೂ ಇರಲಿಲ್ಲ. ಮಹದೇವು ನಿಂತೇ ಕೇಳಿದ.

“ಯಜಮಾನ್ರೆ, ಹಾಲು ತರೋರ ತಪ್ಪಲ್ಲ ಇದು. ಎಂಜಿನ್ನು ನಾನು ಕೆಡಿಸಿದ್ದು. ನೆಟ್ಟಗಿದ್ದದ್ದನ್ನ ಬಿಚ್ಚಿ ಕೆಡಿಸ್ದೆ.”

ಇಪ್ಪತ್ತು ವರ್ಷದಲ್ಲಿ ಈ ವಾಕ್ಯವನ್ನು ಅವನು ಯಾವ ಗಿರಾಕಿಗೂ ಹೇಳಿದವನಲ್ಲ.

ಪುಟ್ಟಮಲ್ಲಪ್ಪನವರು ಅವನನ್ನು ಕೆಳಗಿಂದ ಮೇಲೆ ನೋಡಿದರು. “ನೀನು ಕೊಳ್ಳೇಗಾಲದ ಮಾದೇವು ಅಲ್ವೇನಪ್ಪ? ನಮ್ ಔಷಧಿ ಪಂಪು ನಿನ್ತಾವೇ ರಿಪೇರಿ ಮಾಡ್ಸಿದ್ದು. ನಿನ್ ಕೈಯಲ್ಲೂ ಕೆಡ್ತದಾ?”

“ಕೆಡ್ತು ಯಜಮಾನ್ರೆ.”

ಅವರು ಕುರ್ಚಿಯಿಂದ ಎದ್ದರು. “ನಾಳೆ ಒಂದಿನ. ಎಂಟು ಗಂಟೆ ಅಂದ್ರೆ ಎಂಟು. ವ್ಯಾನು ಒಂದು ನಿಮ್ಸ ನಿಲ್ಲಾಕಿಲ್ಲ.”

ಹಿಂದಿರುಗಿದವನು ಪೆಟ್ಟಿಗೆಯನ್ನು ಅಂಗಳದಲ್ಲಿ ಇಳಿಸಿ, “ಈಗ ಏನ್ ಮಾಡ್ಬೇಕು ಹೇಳು,” ಎಂದ. ಕೋಮಲ ನಂಬಿಕೆಯಾಗದವಳಂತೆ ಅವನನ್ನು ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಕೂತಳು.

ಮೊದಲು ಬೇಕಾಗಿದ್ದು ದೊಡ್ಡ ಸ್ಪ್ರಾಕೆಟ್ಟು. ಹಿಂದಿನ ಚಕ್ರಕ್ಕೆ ಹಲ್ಲು ಹೆಚ್ಚಿದಷ್ಟೂ ಗಾಡಿ ನಿಧಾನ, ಆದರೆ ಎಳೆತ ಜಾಸ್ತಿ. ಎಂಜಿನ್ನಿಗೆ ಕಷ್ಟವಿಲ್ಲ. ಮೊದಲ ದಿನವೇ ಅವಳು ಕೇಳಿದ್ದು ಅದನ್ನೇ. ಮಹದೇವು ಯಳಂದೂರಿನಲ್ಲಿ ಲೇತ್ ಇಟ್ಟಿದ್ದ ಮೂರ್ತಿಗೆ ಫೋನು ಮಾಡಿದ. ಐವತ್ತಾರು ಹಲ್ಲಿನದು ಒಂದಿದೆ, ತೂತು ಮಾತ್ರ ದೊಡ್ಡದು ಮಾಡಬೇಕು ಎಂದ ಮೂರ್ತಿ. ಅರ್ಧ ಗಂಟೆಯಲ್ಲಿ ಕೊರೆದು, ಹಳೇ ಪಂಚೆ ಚೂರಿನಲ್ಲಿ ಸುತ್ತಿ, ಕೊಳ್ಳೇಗಾಲದ ಬಸ್ಸಿನ ಡ್ರೈವರ್ ಕೈಲಿ ಕೊಟ್ಟ. ಕೊಳ್ಳೇಗಾಲದಲ್ಲಿ ಟೈರ್ ಅಂಗಡಿಯವನು ಅದನ್ನು ಇಳಿಸಿಕೊಂಡು ಲೊಕ್ಕನಹಳ್ಳಿ ಬಸ್ಸಿಗೆ ಹಾಕಿದ. ನಾಲ್ಕೂವರೆಗೆ ಅದು ಕೋಮಲಳ ಅಂಗಳದಲ್ಲಿತ್ತು.

ಅಷ್ಟರಲ್ಲಿ ಹೊಸ ಪಿಸ್ಟನ್ ಕೂತಿತ್ತು. ಮಹದೇವು ತನ್ನಲ್ಲಿದ್ದ ಎರಡು ಪ್ಯಾಕಿಂಗ್ ತೆಗೆದಿಟ್ಟ, ಮೊದಲಿದ್ದಷ್ಟೇ.

“ಎಲ್ಡು ಸಾಲಾಕಿಲ್ಲ ಕಣಣ್ಣ,” ಎಂದಳು ಕೋಮಲ. “ನೀನು ಹೆಡ್ಡು ಉಜ್ಜಿ ತಗ್ಗು ಮಾಡ್ಬುಟ್ಟಿದ್ದೀಯ. ಈಗ ಮೂರು ಬೇಕು.”

ಹೌದಲ್ಲ ಎಂದು ಮಹದೇವು ತಲೆ ಕೆರೆದುಕೊಂಡ. ಸೀಸದ ತುಂಡು ತರಲು ಮರೆತಿದ್ದ. ಕೋಮಲ ಒಳಗಿನಿಂದ ಜೇನುಮೇಣದ ಸಣ್ಣ ಉಂಡೆ ತಂದು, ಹೆಡ್ಡಿನ ಒಳಮೈಗೆ ಅಂಟಿಸಿ, ನಟ್ಟು ಬಿಗಿದು ಒಂದು ಸುತ್ತು ತಿರುಗಿಸಿ, ಮತ್ತೆ ಬಿಚ್ಚಿ, ಚಪ್ಪಟೆಯಾದ ಮೇಣವನ್ನು ಉಗುರಿನ ಮೇಲಿಟ್ಟು ನೋಡಿದಳು. ಉಗುರಿನ ದಪ್ಪದ ಎರಡರಷ್ಟಿರಬೇಕು, ಅದು ಅವಳ ಅಳತೆ. ಇದನ್ನು ಯಾರು ಹೇಳಿಕೊಟ್ಟರು ಎಂದು ಮಹದೇವು ಕೇಳಲಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ ಎಂದು ಗೊತ್ತಿತ್ತು. ಮೂರನೇ ಪ್ಯಾಕಿಂಗಿಗೆ ಮನೆಯ ಒಂದು ತಟ್ಟೆ ಹೋಯಿತು. ಅವಳು ಕತ್ತರಿಸುವಾಗ ಅವನು ಅಂಚು ಹಿಡಿದುಕೊಂಡ. ಅವಳು ಹಿಂದಕ್ಕೆ ನೋಡದೆ ಕೈ ಚಾಚಿದಳು. ಅವನು ಹತ್ತರ ಸ್ಪ್ಯಾನರ್ ಇಟ್ಟ.

“ಹದಿಮೂರು ಕಣಣ್ಣ,” ಎಂದಳು ಕೋಮಲ.

ಅಪ್ಪ ಸೈಕಲ್ಲನ್ನು ಅವಳಿಗೆ ಕೊಟ್ಟದ್ದು ಕರುಣೆಯಿಂದಲ್ಲ ಎನ್ನುವುದು ಆರು ವರ್ಷ ತಡವಾಗಿ ಅವನ ತಲೆಗೆ ಹೋಯಿತು. ಅಪ್ಪನ ಮೇಲಿದ್ದ ಸಿಟ್ಟು ಇಳಿಯಿತು. ಆ ಜಾಗದಲ್ಲಿ ಸಂಕಟ ಕೂತಿತು.

ಬೆಳಿಗ್ಗೆ ಆರೂಮುಕ್ಕಾಲಿಗೆ ಹಳ್ಳದ ಕಡೆಯಿಂದ ಆನೆ ದಾಟಿತು ಎಂದು ಕೂಗಿ ಹೇಳಿದರು. ಅಣ್ಣ ತಂಗಿ ಕೆಳಗಿಳಿದರು. ರಾಜಣ್ಣನ ಬಾಟಲಿಯ ಪೆಟ್ರೋಲನ್ನೇ ಹಾಕಿದ್ದರು. ಅದಕ್ಕಾಗಿಯೇ ಕಟ್ಟಿದ ಎಂಜಿನ್ನಲ್ಲವೆ. ಒಂಬತ್ತು ಮನೆಯ ಹಾಲು ತುಂಬುವಷ್ಟರಲ್ಲಿ ಏಳೂ ಇಪ್ಪತ್ತು. ಮುಂದಿನ ಮನೆಯ ಚಿಕ್ಕನಿಂಗಮ್ಮ ತನ್ನ ಚೊಂಬಿನ ಹಾಲು ಸುರಿದು, ಈ ಸಲ ಮುಟ್ಟಿಸ್ತೀಯವ್ವ ಎಂದು ಮಾತ್ರ ಕೇಳಿದಳು. ಕೋಮಲ ಪೆಡಲ್ ತುಳಿದಳು. ಎಂಜಿನ್ನು ಹಳೇ ಪುಸುಪುಸು ದನಿಯಲ್ಲೇ ಎದ್ದಿತು.

ದಿಣ್ಣೆ ಶುರುವಾಯಿತು. ಮಹದೇವು ಪಕ್ಕದಲ್ಲಿ ನಡೆದ. ಓಡಬೇಕಾಗಿರಲಿಲ್ಲ, ಗಾಡಿಯ ವೇಗ ಅಷ್ಟೇ ಇತ್ತು, ಬಿರುಸಿನ ನಡಿಗೆಯಷ್ಟು. ಕೊಳ್ಳೇಗಾಲದಲ್ಲಾಗಿದ್ದರೆ ಈ ಸದ್ದಿಗೆ ಅವನು ಹತ್ತು ತಮಾಷೆ ಹೇಳುತ್ತಿದ್ದ. ಈಗ ಅದೇ ಸದ್ದನ್ನು ಕಿವಿಗೊಟ್ಟು ಕೇಳುತ್ತ ನಡೆದ. ಎಲ್ಲಿ ಟಣ್ ಎನ್ನುತ್ತದೋ, ಎಲ್ಲಿ ತಡವರಿಸುತ್ತದೋ ಎಂದು ಹೆಜ್ಜೆಹೆಜ್ಜೆಗೂ ಎಂಜಿನ್ನಿನತ್ತ ಬಗ್ಗುತ್ತಿದ್ದ. ನಿನ್ನೆ ಎಂಜಿನ್ನು ಸತ್ತ ಜಾಗದ ಬಂಡೆ ಬಂತು. ಎರಡು ಕ್ಯಾನುಗಳ ಭಾರಕ್ಕೆ ಹಿಂದಿನ ಗಾಲಿ ಸ್ವಲ್ಪ ಒದ್ದಾಡಿತು. ಅವನ ಕೈ ತಳ್ಳಲು ಮುಂದೆ ಹೋಯಿತು.

“ಬ್ಯಾಡ, ಬುಡು. ಅತ್ತುತದೆ,” ಎಂದಳು ಕೋಮಲ.

ಮಹದೇವು ಕೈ ಹಿಂದಕ್ಕೆ ತೆಗೆದುಕೊಂಡ. ಗಾಡಿ ಬಂಡೆ ದಾಟಿತು, ರಾಜಣ್ಣನ ಅಂಗಡಿ ದಾಟಿತು. ಮೇಲೆ ಸಮ ರಸ್ತೆ ಸಿಕ್ಕಿದ್ದೇ ಅವಳು ಹಿಂದಿರುಗಿ ನೋಡದೆ ಹೋದಳು. ವ್ಯಾನು ಅವಳಿಗಾಗಿ ಕಾಯುವುದಿಲ್ಲ, ಅವಳೂ ಯಾರಿಗಾಗಿಯೂ ಕಾಯುವಂತಿರಲಿಲ್ಲ. ಮಹದೇವು ಏದುಸಿರು ಬಿಡುತ್ತ ಹಿಂದೆ ಓಡಿದ.

ಅವನು ಡೈರಿ ಮುಟ್ಟಿದಾಗ ಎಂಟಕ್ಕೆ ಆರು ನಿಮಿಷವಿತ್ತು. ವ್ಯಾನು ಇನ್ನೂ ನಿಂತಿತ್ತು. ಮೊದಲ ಕ್ಯಾನು ಅಳತೆಗೆ ಹೋಗಿತ್ತು. ನಿನ್ನೆಯ ಐದಾರು ಜನರೂ ಇದ್ದರು. ಪುಟ್ಟಮಲ್ಲಪ್ಪನವರು ಗಡಿಯಾರ ನೋಡಿ, ಸೈಕಲ್ಲಿನ ಹಿಂದೆ ಬಂದು ದೊಡ್ಡ ಸ್ಪ್ರಾಕೆಟ್ಟನ್ನೂ, ಹೆಡ್ಡಿನ ಕೆಳಗೆ ಇಣುಕುತ್ತಿದ್ದ ತಟ್ಟೆಯ ಅಂಚನ್ನೂ ಬಗ್ಗಿ ನೋಡಿದರು. ಒಬ್ಬನು ಆ ಅಂಚನ್ನು ಬೆರಳಲ್ಲಿ ತೋರಿಸಿ ಕಿಸಕ್ಕೆಂದ.

“ಏನಪ್ಪ ಇದು, ತಟ್ಟೆ ಥರ ಅದೆ,” ಎಂದರು ಪುಟ್ಟಮಲ್ಲಪ್ಪನವರು. “ನಿನ್ನ ಕೆಲ್ಸ್ವಾ?”

ಕೋಮಲ ಎರಡನೇ ಕ್ಯಾನಿನ ಮುಚ್ಚಳದ ಮೇಲೆ ಬಗ್ಗಿದ್ದಳು. ಅವಳ ಕೈ ನಿಂತಿತು. ತಲೆ ಎತ್ತಲಿಲ್ಲ.

“ನಂದಲ್ಲ ಯಜಮಾನ್ರೆ,” ಎಂದ ಮಹದೇವು. ಎಲ್ಲರಿಗೂ ಕೇಳುವಷ್ಟು ಜೋರಾಗಿ ಹೇಳಿದ. “ನಮ್ಮ ಕೋಮಲಂದು. ಮೊದ್ಲು ಹಾಕಿದ್ದೂ ಅವಳೇ, ಈಗ ಹಾಕಿದ್ದೂ ಅವಳೇ. ನಾನು ಸ್ಪ್ಯಾನರ್ ಕೊಟ್ಟೆ, ಅದ್ರಲ್ಲೂ ಒಂದು ತಪ್ಪು ಕೊಟ್ಟೆ.”

ನಕ್ಕವನು ಬಾಯಿ ಮುಚ್ಚಿದ. ಕೋಮಲ ಕ್ಯಾನಿನ ಹಾಲನ್ನು ಅಳತೆಯ ಪಾತ್ರೆಗೆ ಸುರಿದು ಮುಗಿಸಿದಳು. ಕೆಳಗೆ ಒಂದು ಹನಿಯೂ ಚೆಲ್ಲಲಿಲ್ಲ. ಆಮೇಲೆ ಖಾಲಿ ಕ್ಯಾನನ್ನು ಅವನ ಕೈಗೆ ಕೊಟ್ಟು, ಇದನ್ನ ಇಡ್ಕೋ ಅಣ್ಣ, ಒಳಗಿರೋ ಇನ್ನೊಂದು ತಕಂಡು ಬತ್ತೀನಿ ಎಂದು ಒಳಗೆ ಹೋದಳು.